ಡಾಲೆವ್ವನ ಮುಟ್ಟು

ಸರ್ಕಸ್ಸಿನವರು ಹೋದರು. ಡಾಲಿ ಉಳಿಯಿತು.

ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಕಾಡುಪ್ರಾಣಿ ಆಡಿಸಬಾರದೆಂದು ಕೋರ್ಟಿನ ಹುಕುಂ ಬಂದಿತ್ತು. ಕರಿಹಟ್ಟಿಯ ಸಂತೆ ಬಯಲಿನಲ್ಲಿ ಡೇರೆ ಹೊಡೆದಿದ್ದ ಕಂಪನಿ ಮೊದಲೇ ಸೊರಗಿತ್ತು. ಮಾಲಕ ಕುದುರೆಗಳನ್ನು ಜಮಖಂಡಿಯವರಿಗೆ ಮಾರಿದ. ನಾಯಿಗಳನ್ನು ಹಾದಿಗೆ ಬಿಟ್ಟ. ಡೇರೆ ಬಿಚ್ಚಿ ಲಾರಿಗೆ ಹೇರಿಕೊಂಡು ಮಹಾಲಿಂಗಪುರದ ದಾರಿ ಹಿಡಿದ. ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದ್ದ ಚಿಂಪಾಂಜಿಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಅದು ಅಲ್ಲೇ ಉಳಿಯಿತು.

ಊರು ನೋಡಲು ಬಂತು. ಆಳೆತ್ತರದ ಮಂಗ. ಬಾಲವಿಲ್ಲ. ಮನುಷ್ಯರ ಕಿವಿಯಂಥ ಕಿವಿ. ಕೆಲವರು ಬಾಳೆಹಣ್ಣು ಒಗೆದರು, ಕೆಲವರು ಕಲ್ಲು. ನಾಲ್ಕನೇ ದಿನ ಒಂದು ಸರಕಾರಿ ಜೀಪು ಬಂತು. ಇಳಿದವರು ಕಾಗದ ಬರೆದುಕೊಂಡರು. ಯಾವ ಊರಿನ ಮೃಗಾಲಯವೂ ಈಗಲೇ ಒಯ್ಯಲು ಒಪ್ಪುತ್ತಿಲ್ಲ, ಅಲ್ಲಿಯತನಕ ಪಟ್ಟಣ ಪಂಚಾಯಿತಿಯವರೇ ಇಟ್ಟುಕೊಳ್ಳಬೇಕು ಅಂದರು. ಪಂಚಾಯಿತಿಯವರು ಅದನ್ನು ಕೊಂಡವಾಡೆಗೆ ತಳ್ಳಿದರು. ಬೀಡಾಡಿ ದನ ಕೂಡುವ ದೊಡ್ಡಿ ಅದು. ಮಾಡಿನ ಅರ್ಧ ತಗಡು ಹಾರಿಹೋಗಿತ್ತು.

ಕೆಂಪವ್ವ ಆ ಪಂಚಾಯಿತಿಯ ಗುತ್ತಿಗೆ ಕಸಗುಡಿಸುವವಳು. ಗಟಾರ ಬಳಿಯುವುದು ಅವಳ ಕೆಲಸ. ಸಂತೆಯ ಕಸ ಅವಳದು. ಸತ್ತ ಹಂದಿ, ಸತ್ತ ನಾಯಿ ಅವಳದು. ಕೆಲಸ ಹಂಚುವ ಮುಕಾದಮ ಅಪ್ಪಾಸಾಬ ಒಂದು ಮುಂಜಾನೆ ಸೈಕಲ್ ಮೇಲಿಂದಲೇ ಕೂಗಿದ.

"ಏ ಕೆಂಪಿ, ನಾಳಿಂದ ಕೊಂಡವಾಡಿ ನಿಂದು."

"ಕಡಿತೈತಿ ಅಂತಾರಲ್ರೀ ಅದು."

"ಕಡದ್ರ ಸೂಜಿ ಮಾಡಸ್ತೇವಿ. ಹೋಗ."

ಮೊದಲ ದಿನ ಡಾಲಿ ತನ್ನ ಹೇಲನ್ನು ಕೈಯಲ್ಲಿ ಹಿಡಿದು ಅವಳ ಮುಖಕ್ಕೆ ಗುರಿಯಿಟ್ಟು ಒಗೆಯಿತು. ಕೆಂಪವ್ವ ಸೆರಗಿನಿಂದ ಒರೆಸಿಕೊಂಡಳು.

"ಒಗಿ. ಊರೆಲ್ಲಾ ಒಗೀತೈತಿ. ನೀನೂ ಒಗಿ."

ಕಸಬರಿಗೆ ಬಿಡಲಿಲ್ಲ. ಗುಡಿಸಿದಳು, ತೊಳೆದಳು, ನೀರಿಟ್ಟಳು. ಅದರ ಕೊರಳಲ್ಲಿ ಸರಪಳಿ ತಿಂದ ಗಾಯವಿತ್ತು, ಹುಳ ಬಿದ್ದಿತ್ತು. ದನದ ಡಾಕ್ಟರ ನೀಲಕಂಠ ಬಾಗಿಲಾಚೆ ನಿಂತು ಪುಡಿಯ ಪೊಟ್ಟಣ ಒಗೆದು ಹೋದ. ಹಚ್ಚಬೇಕಾದವಳು ಅವಳೇ. ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಇಟ್ಟುಕೊಂಡು ದಿನಕ್ಕೊಂದು ಗೇಣು ಹತ್ತಿರ ಸರಿದು ಕೂತಳು. ಹನ್ನೊಂದನೇ ದಿನ ಕೊರಳು ಮುಟ್ಟಗೊಟ್ಟಿತು. ಗಾಯ ತೊಳೆದು ಪುಡಿ ತುಂಬಿ ಎದ್ದು ನಿಲ್ಲುವಷ್ಟರಲ್ಲಿ ಡಾಲಿ ಅವಳ ಪಾದ ಹಿಡಿದುಕೊಂಡಿತು. ಕೆಂಪವ್ವ ಕಾಲು ಜಗ್ಗಿದಳು. ಕಡಿಯಲಿಲ್ಲ. ಬಿರಿದ ಹಿಮ್ಮಡಿಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿತು. ಜಾಲಿಮುಳ್ಳಿನ ತುದಿಯೊಂದು ಒಳಗೆ ಮುರಿದು ತಿಂಗಳಾಗಿತ್ತು. ಉಗುರಿನಿಂದ ಹಿಡಿದು ಮೆತ್ತಗೆ ಕಿತ್ತಿತು. ಮುಳ್ಳನ್ನು ಮೂಸಿ ನೋಡಿ ಬಿಸಾಕಿತು.

ನಲವತ್ತಮೂರು ವರ್ಷದಲ್ಲಿ ಅವಳ ಕಾಲನ್ನು ಯಾರೂ ಹಿಡಿದಿರಲಿಲ್ಲ.

ತಿಂಗಳೊಪ್ಪತ್ತಿನ ನಂತರ ಒಂದು ಮುಂಜಾನೆ ನೆಲದ ಮೇಲೆ ರಕ್ತ ಕಂಡಿತು. ಯಾರೋ ಕಲ್ಲು ಹೊಡೆದರೆಂದು ಹೆದರಿ ಕೆಂಪವ್ವ ನೀಲಕಂಠನ ಆಸ್ಪತ್ರೆಗೆ ಓಡಿದಳು. ಅವನು ಕಿಟಕಿಯಿಂದಲೇ ನಕ್ಕ.

"ಹೆಣ್ಣ ಬೇ ಅದು. ನಿಮ್ಮಂಗ ತಿಂಗಳಾ ಮುಟ್ಟಾಗ್ತೈತಿ. ತೊಳಿ, ಹೋಗು."

ಅವಳು ಬಂದು ತೊಳೆದಳು. ಮೂಲೆಯಲ್ಲಿ ಗೋಣಿತಾಟು ಹಾಸಿದಳು. ಡಾಲಿ ಹೊಟ್ಟೆ ಹಿಡಿದುಕೊಂಡು ಅದರ ಮೇಲೆ ಮುದುಡಿತು. "ನಿನಗೂ ಬಿಟ್ಟಿಲ್ಲೇನವ್ವಾ ಇದು" ಎಂದು ಕೆಂಪವ್ವ ಅದರ ಬೆನ್ನು ತೀಡಿದಳು. ಅವತ್ತಿನಿಂದ ಅದು ಅವಳಿಗೆ ಅದಾಗಿ ಉಳಿಯಲಿಲ್ಲ. ಅಕಿ ಆಯಿತು. ಡಾಲಿ ಡಾಲೆವ್ವ ಆದಳು.

ಕೆಲಸ ಮುಗಿದ ಮೇಲೂ ಕೆಂಪವ್ವ ಅರ್ಧ ತಾಸು ಅಲ್ಲೇ ಕೂರುತ್ತಿದ್ದಳು. ಡಾಲೆವ್ವ ಅವಳ ತಲೆ ಹೇನು ನೋಡುತ್ತಿದ್ದಳು. ಕೆಂಪವ್ವ ಮಾತಾಡುತ್ತಿದ್ದಳು. ಬೀಳಗಿ ತಾಲೂಕಿನ ಹೊಳೆದಂಡೆಯ ತನ್ನ ಊರಿನ ಮಾತು. ಆಲಮಟ್ಟಿಯ ನೀರು ಹಿಂದೆ ಹಿಂದೆ ಒತ್ತಿ ಬಂದು ಆ ಊರನ್ನು ನುಂಗಿತ್ತು. ನುಂಗುವ ಮೊದಲು ಸರಕಾರದವರು ಮನೆಮನೆಯ ಗೋಡೆಗೆ ನಂಬರು ಬರೆದರು. ಊರೊಳಗಿನವರಿಗೆ ಪುನರ್ವಸತಿ ಅಂದರು, ಜಾಗ ಕೊಟ್ಟರು. ಹೊಲಗೇರಿಯ ಹನ್ನೆರಡು ಗುಡಿಸಲಿಗೂ ನಂಬರು ಬಿತ್ತು. ಆದರೆ ಆ ಗುಡಿಸಲುಗಳ ಜಾಗ ಗೌಡರ ಹೆಸರಿನಲ್ಲಿತ್ತು, ಕೇರಿಗೆ ಏನೂ ಸಿಗಲಿಲ್ಲ. ಕೆಂಪವ್ವನೂ ಅವಳ ಗಂಡ ಧರೆಪ್ಪನೂ ಎರಡು ಗಂಟು ಹೊತ್ತು ಕರಿಹಟ್ಟಿಗೆ ಬಂದರು. ಅವನು ಗೌಂಡಿಯ ಕೈಕೆಳಗೆ ಗಚ್ಚು ಕಲಸಲು ಹೋದ. ಅವಳು ಕಸಬರಿಗೆ ಹಿಡಿದಳು.

"ನಿನ್ನೂ ಬಿಟ್ಟ ಹ್ವಾದ್ರು, ನಮ್ಮನ್ನೂ ಬಿಟ್ಟ ಹ್ವಾದ್ರು" ಅನ್ನುವಳು. ಡಾಲೆವ್ವ ಹೇನು ಹುಡುಕುತ್ತಿದ್ದಳು.

ಎರಡನೇ ವರ್ಷದ ಮಳೆಗಾಲದಲ್ಲಿ ಬೆಂಗಳೂರಿನಿಂದ ರೇಷ್ಮಾ ಎಂಬ ಮೇಡಂ ಬಂದರು. ದೇಶದಲ್ಲಿ ಎಲ್ಲೆಲ್ಲಿ ಇಂಥ ದೊಡ್ಡ ವಾನರಗಳು ಉಳಿದಿವೆ, ಹೇಗಿವೆ ಎಂದು ಸರಕಾರಕ್ಕೆ ವರದಿ ಕೊಡುವುದು ಅವರ ಕೆಲಸ. ಅಪ್ಪಾಸಾಬ ಕುರ್ಚಿ ತಂದ. ಅವರು ಕುರ್ಚಿ ಬಿಟ್ಟು ಕೊಂಡವಾಡೆಯ ಕಲ್ಲಿನ ಮೇಲೆ ಕೆಂಪವ್ವನ ಪಕ್ಕ ಕೂತರು. ಏನು ತಿನ್ನುತ್ತೆ, ಯಾವಾಗ ಮಲಗುತ್ತೆ, ಯಾವುದಕ್ಕೆ ಹೆದರುತ್ತೆ ಎಂದು ಒಂದೊಂದೇ ಕೇಳಿದರು. ಕೆಂಪವ್ವ ಒಂದೊಂದೇ ಹೇಳಿದಳು. ಪಟಾಕಿಗೆ ಹೆದರತಾಳ್ರಿ. ಪಪ್ಪಾಯಿ ಅಂದ್ರ ಜೀವರಿ. ಸೀ ತಿಂದ್ರ ಹೊಟ್ಟಿ ಕೆಟ್ಟ ಬಯಲಕಡಿ ಹತ್ತತೈತ್ರಿ.

ಮೇಡಂ ಎಲ್ಲ ಬರೆದುಕೊಂಡರು. ಹೋಗುವಾಗ ಅವಳ ಕೈ ಹಿಡಿದರು.

"ಪ್ರಪಂಚದಲ್ಲೇ ಇವು ಕಡಿಮೆ ಆಗ್ತಾ ಇವೆ ಕಣಮ್ಮ. ಇದರ ಪುನರ್ವಸತಿಗೆ ಅನುದಾನ ಕೊಡಿಸ್ತೀನಿ. ನೋಡಿಕೊಳ್ಳೋ ಕೆಲಸಕ್ಕೆ ನಿಮ್ಮ ಹೆಸರೇ ಬರೆದಿದ್ದೀನಿ."

ಪುನರ್ವಸತಿ. ಆ ಶಬ್ದ ಕೆಂಪವ್ವನಿಗೆ ಗೊತ್ತಿತ್ತು. ಆದರೂ ಅವತ್ತು ಅವಳು ಮನೆಗೆ ಓಡುತ್ತಲೇ ಹೋದಳು.

ಅನುದಾನ ಬಂತು. ಎಂಟು ತಿಂಗಳಿಗೆ ಬಂತು. ಕೊಂಡವಾಡೆ ಬೇಡ, ಹೊಸ ಮನೆ ಕಟ್ಟಬೇಕು ಎಂದಾಯಿತು. ಜಾಗ ತೋರಿಸಿದವನು ಗಿರಿಮಲ್ಲಪ್ಪ. ಬೆಲ್ಲದ ದಲಾಲಿ ಅಂಗಡಿಯವನು, ಪಂಚಾಯಿತಿಯ ಮೆಂಬರ, ಹನಮಪ್ಪನ ಗುಡಿಯ ಕಮಿಟಿಗೆ ಹಿರಿಯ. ಗುಡಿಯ ಮಗ್ಗುಲ ಬಯಲಿನಲ್ಲೇ ಕಬ್ಬಿಣದ ಸಲಾಕೆಯ ದೊಡ್ಡ ಪಂಜರ ಎದ್ದಿತು. ಒಳಗೆ ಜೋಕಾಲಿ, ನೀರಿನ ತೊಟ್ಟಿ, ಹಿಂದೆ ಮಲಗುವ ಖೋಲಿ. ಫ್ಯಾನೂ ತಿರುಗಿತು. ನೋಡಿಕೊಳ್ಳಲು ಒಂದು ಹುದ್ದೆ ಮಂಜೂರಾಯಿತು.

ಕೆಂಪವ್ವ ಒಗೆದ ಸೀರೆ ಉಟ್ಟು ಆಫೀಸಿಗೆ ಹೋದಳು. ಕಾರಕೂನ ತಲೆ ಎತ್ತಲಿಲ್ಲ.

"ಹತ್ತನೇತ್ತ ಪಾಸ ಆಗಿರಬೇಕು. ಆಗಿ ಏನು?"

"ಮೇಡಮ್ಮಾರು ನನ್ನ ಹೆಸರ ಬರದಾರಂತ್ರಿ."

"ಅವರು ನೂರಾ ಎಂಟು ಬರೀತಾರ."

ಹುದ್ದೆ ಗೌರೀಶನಿಗೆ ಹೋಯಿತು. ಗಿರಿಮಲ್ಲಪ್ಪನ ತಂಗಿಯ ಮಗ. ಹತ್ತನೇ ಪಾಸು. ಖಾಕಿ ಅಂಗಿ ತೊಟ್ಟು, ಕೈಯಲ್ಲೊಂದು ಬೆತ್ತ ಹಿಡಿದು ಪಂಜರದ ಮುಂದೆ ಕುರ್ಚಿ ಹಾಕಿಕೊಂಡ. ಒಳಗೆ ಕಾಲಿಡಲಿಲ್ಲ. ಹೇಲು ಉಚ್ಚೆ ಬಳಿಯಲು ಕೆಂಪವ್ವ ಬೇಕಾಗಿತ್ತು. ಹಿಂಬಾಗಿಲಿನಿಂದ ಬರಬೇಕು. ಗುಡಿಗೆ ಜನ ಬರುವುದರೊಳಗೆ ಮುಗಿಸಿ ಹಿಂಬಾಗಿಲಿನಿಂದಲೇ ಹೋಗಬೇಕು.

ಯಾಕೆಂದರೆ ಅಷ್ಟರಲ್ಲಿ ಡಾಲೆವ್ವ ಮಾರುತಿ ಆಗಿದ್ದಳು.

ಯಾರು ಮೊದಲು ಅಂದರೋ ತಿಳಿಯದು. ಹನಮಪ್ಪ ತಾನೇ ನಡೆದು ಬಂದು ಗುಡಿಯ ಮಗ್ಗುಲಿಗೆ ಕೂತಿದ್ದಾನೆ ಎಂದು ಸುದ್ದಿ ಹಬ್ಬಿತು. ಗಿರಿಮಲ್ಲಪ್ಪ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪಂಜರದ ಮುಂದೆ ಕಟ್ಟೆ ಕಟ್ಟಿಸಿದ. ಮುಧೋಳದಿಂದ, ರಬಕವಿಯಿಂದ ಟೆಂಪೊ ಮಾಡಿಕೊಂಡು ಜನ ಬಂದರು. ಬಾಲ ಎಲ್ಲಿ ಎಂದು ಯಾರೋ ಕೇಳಿದರೆ ಲಂಕಾದಾಗ ಸುಟ್ಟೈತಿ ಎಂದು ಇನ್ಯಾರೋ ಹೇಳಿದರು. ಗೌರೀಶ ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಕಲಸಿದ ಸಿಂಧೂರ ಅದ್ದಿ ಸಲಾಕೆಯ ಸಂದಿಯಿಂದ ಅವಳ ಮೈಗೆ ಬಳಿದ. ನಿದ್ದೆಯ ಮದ್ದು ಕೊಟ್ಟು ಕೆಂಪು ಲಂಗೋಟಿ ಬಿಗಿದರು. ಜನ ಪೇಢೆ ಕೊಟ್ಟರು, ಬೆಲ್ಲ ಕೊಟ್ಟರು, ಕೊಬ್ಬರಿ ಕೊಟ್ಟರು. ಅವಳ ಮೊಲೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನೋಡಿದವರು ನೋಡಲಿಲ್ಲ.

"ಸೀ ಕೊಡಬ್ಯಾಡ್ರಿ" ಎಂದು ಕೆಂಪವ್ವ ಗೌರೀಶನಿಗೆ ಒಂದೆರಡು ಸಲ ಹೇಳಿದಳು.

"ದೇವ್ರಿಗಿ ಏನ್ ಕೊಡಬೇಕಂತ ನಿನ್ನ ಕೇಳಬೇಕೇನ? ಇನ್ನ ಮ್ಯಾಲ ಅದನ್ನ ಮುಟ್ಟಬ್ಯಾಡ. ಒಳಗಿನ ಖೋಲಿಗೆ ಹಾಕ್ತೇನಿ, ಆಮ್ಯಾಲ ಬಂದು ಬಳಿ."

ಮುಂಜಾನೆ ಅವಳು ಪಂಜರ ಬಳಿಯುವಾಗ ಡಾಲೆವ್ವ ಖೋಲಿಯ ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು ಹೊರಗೆ ಚಾಚುತ್ತಿದ್ದಳು. ಗೌರೀಶ ನೋಡದಿದ್ದರೆ ಕೆಂಪವ್ವ ಆ ಬೆರಳು ಹಿಡಿಯುತ್ತಿದ್ದಳು. ನೋಡುತ್ತಿದ್ದರೆ ಇಲ್ಲ.

ಶ್ರಾವಣದ ಎರಡನೇ ಶನಿವಾರ. ಗುಡಿ ತುಂಬಿತ್ತು. ಕೆಂಪವ್ವ ಬಳಿದು ಮುಗಿಸಿ ಹಿಂದಿನ ಗೋಡೆಯ ಬದಿಗೆ ಬುಟ್ಟಿ ತೊಳೆಯುತ್ತಿದ್ದಳು. ಮುಂದಿನಿಂದ ಗದ್ದಲ ಕೇಳಿಸಿತು. ಗೌರೀಶ ಓಡಿ ಬಂದ.

"ಏ ಕೆಂಪಿ! ಮುಂದ ಬಾ!"

ಪಂಜರದ ನೆಲದ ಮೇಲೆ ರಕ್ತದ ಹನಿ ಬಿದ್ದಿದ್ದವು. ಜೋಕಾಲಿಯ ಹಲಗೆಗೂ ಹತ್ತಿತ್ತು. ಡಾಲೆವ್ವ ಮೂಲೆಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ಕಟ್ಟೆಯ ಮುಂದೆ ಗಿರಿಮಲ್ಲಪ್ಪ ನಿಂತಿದ್ದ. ಅವನ ಹೆಂಡತಿ ಭಾಗವ್ವ ಕಾಯಿಯ ತಾಟು ಹಿಡಿದು ಹೆಂಗಸರ ಮುಂದೆ ಕೂತಿದ್ದಳು. ಹಬ್ಬಕ್ಕೆಂದು ಬಂದ ಡಾಕ್ಟರ ನೀಲಕಂಠನೂ ಇದ್ದ.

"ಮುಟ್ಟಾಗಿ ದೇವರ ಜಾಗಾಕ್ಕ ಬಂದಿ ಏನ್ ಬೇ?" ಎಂದ ಗಿರಿಮಲ್ಲಪ್ಪ.

"ಇಲ್ರೀ ಸಾವಕಾರ್ರ."

"ಮತ್ತ ಈ ರಕ್ತ ಯಾರದು?"

ಕೆಂಪವ್ವ ನೆಲ ನೋಡಿದಳು. ಇನ್ನೂರು ಜನ ಅವಳನ್ನು ನೋಡುತ್ತಿದ್ದರು.

"ಯಾರದು ಅಂತ ಕೇಳಿದೆ."

"ನಂದು ನಿಂತು ಎರಡ ವರ್ಸ ಆತ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಂಡಸರು. ಕೆಂಪವ್ವನ ಕಿವಿ ಸುಟ್ಟವು. ಧರೆಪ್ಪನಿಗೂ ಅವಳು ಬಾಯಿಬಿಟ್ಟು ಹೇಳಿರದ ಮಾತದು. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಲು ಅವಳಿಗೆ ಆಗಲಿಲ್ಲ.

"ಅಕೀದ್ರೀ. ಡಾಲೆವ್ವಂದು. ತಿಂಗಳಾ ಆಗ್ತೈತಿ, ಜನಾ ಬರೂದ್ರೊಳಗ ನಾ ತೊಳೀತೇನ್ರಿ. ಅದು ಹೆಣ್ಣ ಐತ್ರಿ."

ಅವಳ ಮೇಲೆ ಬೆತ್ತ ಬಿತ್ತು. ಗೌರೀಶನ ಕೈಯಲ್ಲಿದ್ದದ್ದು, ಡಾಲೆವ್ವನನ್ನು ಎಬ್ಬಿಸಲು ತಿವಿಯುತ್ತಿದ್ದದ್ದು. ಮೊದಲನೆಯದು ಹೆಗಲಿಗೆ, ಎರಡನೆಯದು ಬಾಯಿಗೆ. ತುಟಿ ಒಡೆಯಿತು.

"ಡಾಕ್ಟರ್ರ" ಎಂದಳು ಕೆಂಪವ್ವ. "ನೀವರ ಹೇಳ್ರಿ."

ನೀಲಕಂಠ ಚಸ್ಮ ತೆಗೆದು ಒರೆಸಿದ.

"ನೋಡಬೇಕಾಗ್ತದ. ಪರೀಕ್ಷಾ ಮಾಡಬೇಕಾಗ್ತದ" ಎಂದ.

ಡಾಲೆವ್ವ ಎದ್ದಳು. ಕೂಗಿದಳು. ಸಲಾಕೆ ಹಿಡಿದು ಇಡೀ ಪಂಜರ ಅಲುಗಾಡಿಸಿದಳು. ಕೆಂಪವ್ವನ ಕಡೆಗೆ ಭುಜದತನಕ ಕೈ ಹೊರಗೆ ಚಾಚಿದಳು. ಜನ ಎದ್ದು ನಿಂತು ಕೈಮುಗಿದರು. "ಸಿಟ್ಟಿಗೆದ್ದಾನ. ಮೈಲಿಗಿ ತಡೀಲಿಲ್ಲ ಅವಗ" ಎಂದರು. ಭಾಗವ್ವ ಮಾತ್ರ ಕೈಮುಗಿಯಲಿಲ್ಲ. ಅವಳು ನೆಲದ ರಕ್ತ ನೋಡಿದಳು, ಹೊಟ್ಟೆ ಹಿಡಿದ ಡಾಲೆವ್ವನ ಇನ್ನೊಂದು ಕೈ ನೋಡಿದಳು. ಸೆರಗು ಮುಂದಕ್ಕೆ ಎಳೆದುಕೊಂಡು ತಲೆ ತಗ್ಗಿಸಿದಳು.

ಗೋಮೂತ್ರ ತಂದರು. ಕಟ್ಟೆ, ಪಂಜರ, ಅಂಗಳ ಎಲ್ಲವನ್ನೂ ಕೆಂಪವ್ವನಿಂದಲೇ ತೊಳೆಸಿದರು. ಮೊಣಕಾಲೂರಿ ತೊಳೆದಳು. ತುಟಿಯ ರಕ್ತ ತೊಳೆದಲ್ಲೇ ಹನಿಯುತ್ತಿತ್ತು. ಮತ್ತೆ ತೊಳೆಯುತ್ತಿದ್ದಳು. ಮುಗಿದ ಮೇಲೆ ಅಪ್ಪಾಸಾಬ ಬಂದು ನಾಳೆಯಿಂದ ಯಾವ ಕೆಲಸಕ್ಕೂ ಬರಬೇಡ ಎಂದ.

ಮನೆಯಲ್ಲಿ ಧರೆಪ್ಪ ಒದರಿದ. "ಹೆಣ್ಣಾದ್ರೇನು, ಗಂಡಾದ್ರೇನು? ನಿನಗ ಯಾಕ ಬೇಕಿತ್ತ ಊರ ಉಸಾಬರಿ? ಸುಮ್ಮ ಇರಬೇಕಿಲ್ಲೋ."

"ಸುಮ್ಮನ ಇದ್ದೆ. ಕೇಳಿದ್ರು. ಹೇಳಿದೆ."

ಅವನು ಬಟ್ಟೆ ಬಿಸಿ ಮಾಡಿ ಅವಳ ಹೆಗಲಿಗೆ ಕಾವು ಕೊಟ್ಟ.

ಕೆಂಪವ್ವ ಮಹಾಲಿಂಗಪುರದ ದಾರಿಯ ಒಂದು ಬೆಲ್ಲದ ಗಾಣಕ್ಕೆ ಕೂಲಿಗೆ ಹೋದಳು. ಹಿಂಡಿದ ಕಬ್ಬಿನ ಸಿಪ್ಪೆ ಹೊತ್ತು ಒಣಹಾಕುವ ಕೆಲಸ. ಬೆನ್ನಿಗೆ ರಸ ಸೋರಿ ನೊಣ ಮುತ್ತುತ್ತಿದ್ದವು. ಗುಡಿಯ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದಳು. ಆದರೂ ಸುದ್ದಿ ಬರುತ್ತಿತ್ತು. ಪಕ್ಕದ ಗುಡಿಸಲಿನ ಯಲ್ಲಕ್ಕ ಈಗ ಪಂಜರ ಬಳಿಯುವವಳು. ಅವಳೇ ಹೇಳುತ್ತಿದ್ದಳು. ಉಣವಲ್ಲದು. ಮೂಲಿ ಬಿಟ್ಟು ಏಳವಲ್ಲದು. ದೀಪಾವಳಿ ಪಟಾಕಿಗೆ ತಲಿ ಗ್ವಾಡಿಗೆ ಬಡಕೊಂತು. ಕೆಮ್ಮಾಕತ್ತೇತಿ, ಮನಶ್ಯಾರಂಗ ಕೆಮ್ಮತೈತಿ.

ಒಂದು ಮಂಗಳವಾರ ಕೆಂಪವ್ವ ತಡೆಯದೆ ಹೋದಳು. ಬೇಲಿಯ ಆಚೆ ನಿಂತಳು. ಡಾಲೆವ್ವ ಕೂತಲ್ಲಿಂದ ನೋಡಿದಳು. ಗುರುತು ಹಿಡಿದಳು. ಏಳಲು ಹೋಗಿ ಎರಡು ಹೆಜ್ಜೆಗೆ ಕುಸಿದಳು. ಆಮೇಲೆ ಕೂತಲ್ಲೇ ಕೈ ಎತ್ತಿ ಬೆರಳು ಆಡಿಸಿದಳು, ತಲೆಯಲ್ಲಿ ಹೇನು ಹುಡುಕುವ ಹಾಗೆ. ಗೌರೀಶ ಬೆತ್ತ ಹಿಡಿದು ಎದ್ದ. ಕೆಂಪವ್ವ ಹೊರಟುಬಂದಳು. ಯಾಕೆ ಹೊರಟುಬಂದೆ ಎಂದು ಆಮೇಲೆ ಎಷ್ಟೋ ದಿನ ತನ್ನನ್ನು ತಾನು ಬೈದುಕೊಂಡಳು.

ಮಾಘದ ಚಳಿಯಲ್ಲಿ ಅಪ್ಪಾಸಾಬನ ಸೈಕಲ್ ಗಾಣಕ್ಕೆ ಬಂತು.

"ಕೆಂಪಿ, ನಡಿ. ಅದು ಹೋತು."

ಅವಳ ತಲೆಯ ಮೇಲೆ ಸಿಪ್ಪೆಯ ಹೊರೆ ಇತ್ತು. ಇಳಿಸಿದಳು.

"ಯಾವಾಗ?"

"ನಿನ್ನಿ ಮದ್ಯಾನ. ಸಮಾಧಿ ಮಾಡತಾರ. ಮೆರವಣಿಗಿ ಐತಿ. ಮೈತುಂಬಾ ಹೊಲಸ ಮಾಡಕೊಂಡೈತಿ, ವಾಸನಿ ಎದ್ದೈತಿ. ಯಲ್ಲಕ್ಕ ವಲ್ಲೆ ಅಂದ ಮನೀಗಿ ಹೋದ್ಲು. ನೀನ ತೊಳೀಬೇಕು."

ಹಿಂಬಾಗಿಲಲ್ಲಿ ಗಿರಿಮಲ್ಲಪ್ಪ ಮೂಗಿಗೆ ಟವೆಲ್ ಹಿಡಿದು ನಿಂತಿದ್ದ. ನೀಲಕಂಠನೂ ಜೊತೆಗಿದ್ದ.

"ಕೆಂಪವ್ವಾ" ಎಂದ ಗಿರಿಮಲ್ಲಪ್ಪ. ಅವನ ಬಾಯಲ್ಲಿ ಅವಳ ಪೂರ್ತಿ ಹೆಸರು ಅದೇ ಮೊದಲು. "ತೊಳದು ಈ ಧೋತರ ಉಡಸು. ಸಿಂಧೂರ ಹಚ್ಚು. ಹಿಂದಿನ ಬಾಗಲಲೇ ಹೋಗಿಬಿಡು. ಅನುದಾನ ಇನ್ನೂ ಐತಿ, ಬ್ಯಾರೆ ಪ್ರಾಣಿ ತರಸ್ತೇವಿ. ಗೌರೀಶ ಕೆಲಸಾ ಬಿಟ್ಟ ಹೊಂಟಾನ. ಆ ಹುದ್ದೆ ನಿನಗ. ಕಾಯಂ. ನಾ ಇದ್ದೇನಿ. ಬಾಯಿ ಮಾತ್ರ ಮುಚ್ಚಕೊಂಡಿರು."

"ಹೂಂ ಅನ್ನವ್ವಾ" ಎಂದ ನೀಲಕಂಠ. "ಛಲೋ ಆಗ್ತದ."

ಅವಳು ಹೂಂ ಅನ್ನಲಿಲ್ಲ. ಧೋತರ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಾಲೆವ್ವ ಗೋಡೆಗೆ ಮುಖ ಮಾಡಿ ಬಿದ್ದಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೆಂಪವ್ವ ಎರಡು ಕೊಡ ನೀರು ಸುರಿದು ಕೆಳಗಿನಿಂದ ತೊಳೆದಳು. ಲಂಗೋಟಿ ಬಿಚ್ಚಿ ಎಸೆದಳು. ತೊಡೆಯ ಸಂದಿಯಲ್ಲಿ ಲಂಗೋಟಿ ಕೊರೆದ ಹುಣ್ಣಿತ್ತು. ಮೈಮೇಲೆ ಸಿಂಧೂರ ಬೆರಳು ದಪ್ಪ ಗಟ್ಟಿಯಾಗಿತ್ತು, ನೀರಿಗೆ ಬಿಡಲಿಲ್ಲ. ಉಗುರಿನಿಂದ ಕೆರೆದಳು. ಪದರು ಎದ್ದಲ್ಲೆಲ್ಲ ಕೂದಲು ಕಿತ್ತು ಬಂದವು, ಕೆಳಗೆ ಚರ್ಮ ಕೊಳೆತಿತ್ತು. ಪಕ್ಕೆಯ ಎಲುಬು ಒಂದೊಂದೇ ಎಣಿಸಬಹುದಿತ್ತು. ಬತ್ತಿದ ಮೊಲೆ. ಒಮ್ಮೆಯೂ ಹಡೆಯದ ಹೊಟ್ಟೆ. ಕೈಬೆರಳು ತೊಳೆಯುವಾಗ ಕೆಂಪವ್ವ ಬಹಳ ಹೊತ್ತು ತೊಳೆದಳು.

ಆಮೇಲೆ ಧೋತರ ಎತ್ತಿಕೊಂಡಳು. ನೋಡಿದಳು. ಮಡಿಚಿ ಕಿಟಕಿಯಲ್ಲಿಟ್ಟಳು. ತನ್ನ ಸೀರೆಯನ್ನು ಹಲ್ಲಿನಿಂದ ಕಚ್ಚಿ ಸೀಳಿದಳು. ಅರ್ಧ ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಉಳಿದರ್ಧವನ್ನು ಡಾಲೆವ್ವನಿಗೆ ನಿರಿಗೆ ಹಿಡಿದು ಉಡಿಸಿದಳು. ತಲೆಯ ಮೇಲೆ ಸೆರಗು ಹೊದಿಸಿದಳು. ತನ್ನ ಮೈಮೇಲೆ ಸೆರಗಿಲ್ಲ, ಬರೀ ಕುಪ್ಪಸ. ಡಾಲೆವ್ವನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡಳು. ಸಿಪ್ಪೆಯ ಹೊರೆಗಿಂತ ಹಗುರ ಇದ್ದಳು.

ಮುಂದಿನ ಬಾಗಿಲು ಒದ್ದು ಹೊರಗೆ ಬಂದಳು.

ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರು ನಿಂತಿತ್ತು. ಊರು ನೆರೆದಿತ್ತು. ಗದ್ದಲ ಒಮ್ಮೆಲೇ ನಿಂತಿತು. ಕೆಂಪವ್ವ ದೇವರ ಕಟ್ಟೆಯ ಮೇಲೆ ನಿಂತಳು.

"ಇಕಿ ಹೆಣ್ಣಮಗಳು. ಇಕಿ ಹೆಸರು ಡಾಲೆವ್ವ. ಇಕಿ ಮುಟ್ಟು ನನ್ನ ಈ ಕೈಲೆ ತೊಳದೇನಿ. ಹೂಳೂದಾದ್ರ ಹೆಣ್ಣಂತ ಹೇಳಿ ಹೂಳ್ರಿ. ಇಲ್ಲಂದ್ರ ನನಗ ಬಿಡ್ರಿ. ನಾ ಹೂಳತೇನಿ. ನಿಮ್ಮ ಹುದ್ದೆ ನನಗ ಬ್ಯಾಡ."

"ತಲಿ ಕೆಟ್ಟೈತಿ ಅಕೀದು. ಕಸಗೊಳ್ರೋ!" ಎಂದು ಗಿರಿಮಲ್ಲಪ್ಪ ಕೂಗಿದ.

ಯಾರೂ ಬರಲಿಲ್ಲ. ಹೆಣ ಕಸಿಯಬೇಕಾದರೆ ಅವಳನ್ನು ಮುಟ್ಟಬೇಕಾಗಿತ್ತು. ಮಡಿ ಉಟ್ಟವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಂಪವ್ವ ಅದನ್ನು ಕಂಡಳು. ತೋಳು ಇನ್ನಷ್ಟು ಬಿಗಿ ಮಾಡಿದಳು.

ಹೆಂಗಸರ ನಡುವಿನಿಂದ ಭಾಗವ್ವ ಎದ್ದು ಬಂದಳು. ಕಟ್ಟೆ ಹತ್ತಿದಳು. ಡಾಲೆವ್ವನ ಎದೆಯ ಮೇಲಿನ ಸೀರೆ ಸ್ವಲ್ಪ ಸರಿಸಿ ನೋಡಿದಳು. ಮತ್ತೆ ಮುಚ್ಚಿದಳು.

"ಖರೆ ಐತಿ" ಎಂದಳು ಗಂಡನಿಗೆ. "ಹೆಣ್ಣೈತಿ. ನನಗ ಆವತ್ತ ತಿಳದಿತ್ತು."

"ಮನೀಗಿ ನಡಿ ನೀ" ಎಂದ ಗಿರಿಮಲ್ಲಪ್ಪ.

ಭಾಗವ್ವ ಹಣ್ಣುಕಾಯಿಯ ತಾಟನ್ನು ಕಟ್ಟೆಯ ಮೇಲಿಟ್ಟು ಮನೆಗೆ ನಡೆದಳು. ಅವಳ ಹಿಂದೆ ಒಬ್ಬಳು ಎದ್ದಳು. ಆಮೇಲೆ ಇನ್ನಿಬ್ಬರು. ಹೆಂಗಸರ ಸಾಲು ಅರ್ಧ ಖಾಲಿಯಾಯಿತು, ಅಷ್ಟೇ.

ಬಂದೋಬಸ್ತಿನ ಇಬ್ಬರು ಪೊಲೀಸರನ್ನು ಕರೆದರು. ಅವರಿಗೆ ಮಡಿಯಿರಲಿಲ್ಲ. ಒಬ್ಬ ಕೆಂಪವ್ವನ ಜಡೆ ಹಿಡಿದ, ಇನ್ನೊಬ್ಬ ಮೊಣಕೈಗೆ ಲಾಠಿ ಕೊಟ್ಟ. ತೋಳು ಬಿಟ್ಟಿತು. ಡಾಲೆವ್ವನನ್ನು ಟ್ರ್ಯಾಕ್ಟರಿಗೆ ಎಳೆದು ಹಾಕಿದರು. ಸೀರೆ ಬಿಚ್ಚುವ ತ್ರಾಣ ಯಾರಿಗೂ ಇರಲಿಲ್ಲ, ವಾಸನೆ ಅಷ್ಟಿತ್ತು. ಅದರ ಮೇಲೆಯೇ ಧೋತರ ಸುತ್ತಿದರು, ಮುಖ ಕಾಣದಷ್ಟು ಹೂ ಒಟ್ಟಿದರು.

"ಬಾರಸ್ರೋ!" ಎಂದ ಗಿರಿಮಲ್ಲಪ್ಪ.

ಮೆರವಣಿಗೆಗೆ ಹೊಲಗೇರಿಯಿಂದ ಹಲಗೆ ಬಾರಿಸುವ ನಾಲ್ವರನ್ನು ಕರೆಸಿದ್ದರು. ಅವರಲ್ಲಿ ಧರೆಪ್ಪನೂ ಇದ್ದ. ಅವನು ಟ್ರ್ಯಾಕ್ಟರಿನ ಮುಂದಿನಿಂದ ಸರಿದು ಕಟ್ಟೆಯ ಬುಡಕ್ಕೆ ಬಂದ. ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಹೆಂಡತಿಯ ಹೆಗಲ ಮೇಲೆ ಹೊದಿಸಿದ. ಅವಳನ್ನು ಎಬ್ಬಿಸಿದ.

"ಧರ‍್ಯಾ, ಬಾರಸಂದೆ ನಿನಗ" ಎಂದ ಗಿರಿಮಲ್ಲಪ್ಪ.

"ಇಲ್ರೀ" ಎಂದ ಧರೆಪ್ಪ. ಹಲಗೆಯನ್ನು ಬೆನ್ನಿಗೆ ಹಾಕಿಕೊಂಡ. ಉಳಿದ ಮೂವರು ಅವನ ಮುಖ ನೋಡಿದರು. ತಾವೂ ಬೆನ್ನಿಗೆ ಹಾಕಿಕೊಂಡರು. ಮೆರವಣಿಗೆ ಬರೀ ಟ್ರ್ಯಾಕ್ಟರಿನ ಸದ್ದಿನಲ್ಲಿ ಹೊರಟಿತು.

ಅದಕ್ಕೆ ಅವರು ತೆತ್ತದ್ದು ಸಣ್ಣದಲ್ಲ. ಧರೆಪ್ಪನಿಗೆ ಊರೊಳಗೆ ಗಚ್ಚು ಕಲಸುವ ಕೆಲಸ ನಿಂತಿತು. ಗಾಣದವನು ಕೆಂಪವ್ವನನ್ನು ಬೇಡವೆಂದ. ಕೇರಿಗೆ ಕಿರಾಣಿ ಸಾಮಾನು ಕೊಡುವುದನ್ನು ಅಂಗಡಿಯವರು ಬಿಟ್ಟರು. ಬನಹಟ್ಟಿಯತನಕ ನಡೆದು ಉಪ್ಪು ಎಣ್ಣೆ ತರಬೇಕಾಯಿತು. ಗುಡಿಯ ಬಯಲಿನಲ್ಲಿ ಹಾಸುಗಲ್ಲಿನ ಸಮಾಧಿ ಎದ್ದಿತು. ಮಾರುತಿಯ ಹೆಸರು ಕೆತ್ತಿದರು.

ಯುಗಾದಿ ಕಳೆದ ಮೇಲೆ ರೇಷ್ಮಾ ಮೇಡಂ ಬಂದರು. ಅನುದಾನದ ಕಡತ ಮುಚ್ಚಬೇಕಾಗಿತ್ತು. ಆಫೀಸಿನಲ್ಲಿ ಎಲ್ಲ ಕೇಳಿ, ಕೊನೆಗೆ ದಾರಿ ವಿಚಾರಿಸಿಕೊಂಡು ಕೇರಿಗೆ ಬಂದರು. ಕೆಂಪವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೇಡಂ ಅವಳ ಪಕ್ಕ ನೆಲಕ್ಕೆ ಕೂತರು.

"ನನಗೊಂದು ಪತ್ರ ಬರೀಬಾರದಿತ್ತೇನಮ್ಮ?"

"ಬರ‍್ಯಾಕ ಬರೂದಿಲ್ರಿ."

ಮೇಡಂ ಕಡತ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು, "ಏನಾಗಿ ಸತ್ತಿತು ಅಂತೀರಿ?"

"ದೇವರ ಮಾಡಿದ್ರಲ್ರೀ, ಅದಕ್ಕ."

ಮೇಡಂ ಅದನ್ನು ಬರೆದುಕೊಳ್ಳಲಿಲ್ಲ. ಕೆಂಪವ್ವ ಅವರ ತೊಡೆಯ ಮೇಲಿನ ಕಡತ ನೋಡಿದಳು.

"ಇದರಾಗ ಅಕೀದು ಬರದಾರೇನ್ರಿ?"

"ಹೂಂ. ಡಾಕ್ಟರ ವರದಿ ಇದೆ. ಪುಪ್ಪಸಕ್ಕೆ ಸೋಂಕು ಅಂತ ಇದೆ."

"ಹೆಣ್ಣ ಅಂತ ಐತೇನ್ರಿ?"

ಮೇಡಂ ಹಾಳೆ ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು. ಗಂಡು ಎಂದು ಬರೆದಿತ್ತು, ಕೆಳಗೆ ನೀಲಕಂಠನ ಸಹಿ. ಅವರು ಪೆನ್ನು ತೆಗೆದರು. ಆ ಶಬ್ದದ ಮೇಲೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಬೇರೆ ಬರೆದರು. ತಮ್ಮ ಸಹಿ ಹಾಕಿ ತಾರೀಖು ಹಾಕಿದರು.

"ಈಗಿದೆ" ಎಂದರು. ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದರು. "ಇಲ್ಲಿ. ಹೆಣ್ಣು."

ಕೆಂಪವ್ವ ಕೈಯ ಹೊಟ್ಟು ಸೀರೆಗೆ ಒರೆಸಿಕೊಂಡಳು.

"ಮುಟ್ಟಲೇನ್ರಿ?"

"ಮುಟ್ಟಿ."

ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು. ಮಸಿ ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು. ಡಾಲೆವ್ವ ಸತ್ತ ಮೇಲೆ ಕೆಂಪವ್ವ ಅತ್ತಿರಲಿಲ್ಲ. ಅವತ್ತು ಅತ್ತಳು.